ಒಂದೇ ಬೆಲ್ಟು, ನಲವತ್ತು ಫೋಟೊ

ಮಾವ,

ನಾಟಕ, ಸಿನಿಮಾ ಕಲಿಯುವ ಮಕ್ಕಳಿಗೆ ನೀವು ಕೊಟ್ಟ ಸುರಕ್ಷತಾ ತರಬೇತಿಯ ನಲವತ್ತು ಫೋಟೊಗಳಲ್ಲೂ ಇರುವುದು, ಎತ್ತರಕ್ಕೆ ಹತ್ತುವಾಗ ಬೀಳದಂತೆ ಕಟ್ಟಿಕೊಳ್ಳುವ ಒಂದೇ ಬೆಲ್ಟು. ಫೋಟೊ ತೆಗೆದವನು ನಾನು. ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದವನೂ ನಾನೇ.

"ಹಾಕ್ಕೊಳ್ಳಿ, ನಗಿ, ಬಿಚ್ಚಿ ಪಕ್ಕದವರಿಗೆ ಕೊಡಿ, ಬೇಗ ಬೇಗ!" ಎಂದು ಅವಸರ ಮಾಡಿದಿರಿ. ಅಷ್ಟಕ್ಕೇ ತರಬೇತಿ ಮುಗಿಯಿತು. ಮೊನ್ನೆ ವೇದಿಕೆಯ ದೀಪ ಕಟ್ಟಲು ಹಾಕಲು ಬೆಲ್ಟೇ ಸಿಗದೆ ಹಾಗೇ ಮೇಲೆ ಹತ್ತಿದ, ಅದೇ ಮಕ್ಕಳಲ್ಲಿ ಒಬ್ಬ ಹುಡುಗಿ ಬಿದ್ದು ಸೊಂಟ ಮುರಿದುಕೊಂಡಳು. ಈಗ ಅವಳು ನಗುತ್ತಿರುವ ಫೋಟೊ ಹಚ್ಚಿ, ತರಬೇತಿ ಪಡೆದೂ ಬೆಲ್ಟು ಹಾಕಲಿಲ್ಲ, ತಪ್ಪು ಅವಳದೇ ಎಂದು ವರದಿ ಬರೆದಿದ್ದೀರಿ.

ಕೇಳಿದ್ದಕ್ಕೆ, "ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ನನಗೆ ಬುದ್ಧಿ ಹೇಳ್ತೀಯೇನೋ?" ಎಂದಿರಿ. ಬೆಲ್ಟಿನ ಎಡಪಟ್ಟಿಯ ಮೇಲಿನ ಕೆಂಪು ಬಣ್ಣದ ಕಲೆ ಎಲ್ಲ ಫೋಟೊಗಳಲ್ಲೂ ಇದೆ. ಅದನ್ನು ಕಾಣಲು ಒಂಬತ್ತನೇ ಕ್ಲಾಸು ಬೇಕಿಲ್ಲ.

ನಲವತ್ತನ್ನೂ ಅವಳ ಅಮ್ಮನ ಕೈಗೆ ಕೊಟ್ಟು ಬಂದಿದ್ದೇನೆ. ವಿಚಾರಣೆಗೆ ಕರೆದರೆ ಬಂದು ಹೇಳುತ್ತೇನೆ. ಮುಂದಿನ ತರಬೇತಿಗೆ ಮೊದಲು ಬೆಲ್ಟು ತರಿಸಿ. ಕ್ಯಾಮೆರಾ ನಿಮ್ಮ ಮೇಜಿನ ಮೇಲಿದೆ. ಅತ್ತೆಯ ಮೇಲೆ ರೇಗಬೇಡಿ, ಅವರಿಗೇನೂ ಗೊತ್ತಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ನಿಮ್ಮ ಮನೆ ಬಿಟ್ಟು ಹೊರಡುತ್ತೇನೆ.

ನಿಮ್ಮ ಅಕ್ಕನ ಮಗ