ಬಿಳಿ ಬೊಟ್ಟು ಬಿದ್ದ ಯಂತ್ರ

ಮಾರ್ಚ್ 3, ಬುಧವಾರ. ಮಧ್ಯಾಹ್ನ

ತೀರಿಕೊಂಡ ಮೇಷ್ಟ್ರ ಶವಸಂಸ್ಕಾರಕ್ಕೆ ಬಂದವರಿಗೆ ಹಂಚುವ ನೆನಪಿನ ಪುಸ್ತಕ ಅರ್ಧ ಮುಗಿಯಿತು. ಜೀವನಚರಿತ್ರೆ ಸ್ವಲ್ಪ, ಹೆಂಡತಿ ಬರೆದುಕೊಟ್ಟ ಮೀನುಸಾರಿನ ವಿಧಾನ ಅದಕ್ಕಿಂತ ಉದ್ದ. ಬದುಕಿದ್ದಾಗ ತಿರುಗಿ ನೋಡದವರಿಗೆಲ್ಲ ಈಗ ಒಂದೊಂದು ಪುಟ ಬೇಕಂತೆ. ಇರಲಿ. ನಮ್ಮ ಮುದ್ರಣಾಲಯದ ಅನ್ನ ಅದೇ.

ಬಾಡಿಗೆ ಮ್ಯಾಕ್ ತಿಂಗಳ ಕೊನೆಗೆ ವಾಪಸು. ಅಣ್ಣ ಈ ಸಲ ಸ್ವಂತ ಕಂಪ್ಯೂಟರ್ ಕೊಳ್ಳುತ್ತಾನೆ. ಮ್ಯಾಕೋ, ಪಿಸಿಯೋ—ಬಾಯಿ ಬಿಡುತ್ತಿಲ್ಲ. ಮ್ಯಾಕ್ ಬಂದರೆ ಕುರ್ಚಿ ನನ್ನದು. ಅದನ್ನು ಬಲ್ಲವಳು ಇಲ್ಲಿ ನಾನೊಬ್ಬಳೇ. ಪಿಸಿ ಬಂದರೆ ಅದರ ಹಿಂದೆಯೇ ಅತ್ತಿಗೆಯ ತಮ್ಮ ಥಾವೊರ್ನ್ ಬರುತ್ತಾನೆ. ನನಗೆ ಉಳಿಯುವುದು ಪುಟಗಳಿಗೆ ಅಂಟು ಬಳಿಯುವ ಮೇಜು.

ಮಾರ್ಚ್ 9, ಮಂಗಳವಾರ

ಥಾವೊರ್ನ್ ಊಟಕ್ಕೆ ಬಂದಿದ್ದ. ನೂಡಲ್ ಹೀರುತ್ತಲೇ ಶುರು.

"ಅಕ್ಕಾ, ನಿಮ್ಮ ಮ್ಯಾಕ್ ಕೆಟ್ರೆ ರಿಪೇರಿಗೆ ಯಾರಿದ್ದಾರೆ ಹೇಳಿ? ಪಿಸಿ ಆದ್ರೆ ಬೀದಿಗೊಬ್ಬ ಸಿಗ್ತಾನೆ."

ಬೀದಿಗೊಬ್ಬ ಬೇಕಾಗುವಷ್ಟು ಕೆಡುತ್ತದೇನು? ಕೇಳಲಿಲ್ಲ. ನೂಡಲ್ ಜೊತೆ ನುಂಗಿದೆ.

ತಾನು ಜೋಡಿಸಿದ ಪಿಸಿಯಲ್ಲಿ ಮುದ್ರಿಸಿದ ಪುಟ ತೋರಿಸಿದ. ಥಾಯ್ ಅಕ್ಷರದ ತಲೆಯ ಮೇಲೆ ಕೂರಬೇಕಾದ ಚಿಹ್ನೆಗಳು ಅಲ್ಲೆಲ್ಲೋ ಗಾಳಿಯಲ್ಲಿ. "ದೂರದಿಂದ ನೋಡಿದ್ರೆ ಗೊತ್ತಾಗಲ್ಲ ಬಿಡಿ" ಎಂದ. ಪುಸ್ತಕವನ್ನು ದೂರದಿಂದ ಓದುವವರು ಯಾರು?

ಅಣ್ಣ ಪುಟವನ್ನು ತಿರುವಿ ಮುರುವಿ ನೋಡಿದ. "ನೋಡೋಣ" ಎಂದ. ಅಷ್ಟೇ.

ಮಾರ್ಚ್ 14, ಭಾನುವಾರ

ಭಿಕ್ಷುಗಳು ದಿನ ಕೊಟ್ಟಿದ್ದಾರೆ. 25ಕ್ಕೆ ಮುದ್ರಣಾಲಯದ ವಾರ್ಷಿಕ ಪೂಜೆ. ಹೊಸ ಯಂತ್ರಕ್ಕೂ ಅಂದೇ ಆಶೀರ್ವಾದ.

ಮ್ಯಾಕೇ ಬೇಕೆಂದು ಅಣ್ಣನಿಗೆ ಹೋಗಿ ಹೇಳಿಬಿಡಲೇ? ಅಳದಿದ್ದರೆ ತಾಯಿಯೂ ಹಾಲು ಕೊಡಳು, ನಿಜ. ಆದರೆ ಹಿರಿಯರ ಎದುರು ನಿಂತು "ನನಗೆ ಇದು ಬೇಕು" ಎನ್ನುವುದು ನಮ್ಮ ಮನೆಗಳಲ್ಲಿಲ್ಲ. ಅಪ್ಪನ ಮುಂದೆಯೂ ಅಂದವಳಲ್ಲ. ಅಣ್ಣನೇ ಕೇಳಬೇಕು. ಹುಟ್ಟಿದಾಗಿನಿಂದ ನೋಡುತ್ತಿದ್ದಾನೆ, ತಿಳಿಯುವುದಿಲ್ಲವೇ...

ಮಾರ್ಚ್ 25, ಗುರುವಾರ. ಸಂಜೆ

ಕೇಳಿದ.

ಭಿಕ್ಷುಗಳು ಸಾಲಾಗಿ ಕೂತಿದ್ದರು. ಚಿಕ್ಕಪ್ಪ, ಅತ್ತಿಗೆಯ ತವರಿನವರು, ಥಾವೊರ್ನ್ ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅಣ್ಣನ ವ್ಯಾನು ಗೇಟಿನ ಹತ್ತಿರ. ಒಳಗೆ ಬಂದವನೇ ಎಲ್ಲರೆದುರು—

"ಸುಮಾಲೀ, ಕೂರೋಳು ನೀನು. ಯಾವುದು ಬೇಕು ಹೇಳು."

ತೀರ್ಮಾನ ಮುಗಿಸಿಕೊಂಡು ಬಂದಿದ್ದಾನೆ, ಮರ್ಯಾದೆಗೆ ಕೇಳುತ್ತಿದ್ದಾನೆ ಎಂದುಕೊಂಡೆ. ಅಂಥ ಪ್ರಶ್ನೆಗೆ ನಮ್ಮಲ್ಲಿ ಇರುವುದು ಒಂದೇ ಉತ್ತರ.

"ಯಾವುದಾದ್ರೂ ಆಗುತ್ತೆ ಅಣ್ಣಾ. ನಿನಗೆ ಸರಿ ಅನ್ಸಿದ್ದು."

"ನಿಜವಾಗ್ಲೂ?"

"ಹೂಂ."

ಥಾವೊರ್ನ್‌ನನ್ನು ಪಕ್ಕಕ್ಕೆ ಕರೆದು ಏನೋ ಹೇಳಿ ವ್ಯಾನಿನ ಕೀಲಿ ಕೊಟ್ಟ. ಚಿಕ್ಕಪ್ಪ ಹಿಂದಿನಿಂದ, "ತಂಗಿ ಅಂದ್ರೆ ಹೀಗಿರ್ಬೇಕಪ್ಪಾ" ಎಂದರು. ನಾನು ನಕ್ಕೆ. ಆ ನಗುವಿಗೆ ಬೆಂಕಿ ಬೀಳಲಿ.

ಥಾವೊರ್ನ್ ಪಿಸಿಯನ್ನು ಮದುಮಗಳಂತೆ ಎತ್ತಿಕೊಂಡು ಬಂದ. ಹಿರಿಯ ಭಿಕ್ಷು ಬಿಳಿ ಗಂಧದಲ್ಲಿ ಬೆರಳದ್ದಿ ಅದರ ಹಣೆಗೆ ಬೊಟ್ಟಿಟ್ಟರು. ಬೊಟ್ಟು ಬಿದ್ದ ಮೇಲೆ ಮುಗಿಯಿತು. ಅಂಥದ್ದನ್ನು ಯಾವ ಮನೆಯವರೂ ಅಂಗಡಿಗೆ ಹಿಂದಿರುಗಿಸುವುದಿಲ್ಲ. ಕೈಮುಗಿದು ಕೂತಿದ್ದೆ.

ಏಪ್ರಿಲ್ 20, ಮಂಗಳವಾರ

ಸೊಂಕ್ರಾನ್, ಹೊಸ ವರ್ಷದ ನೀರಾಟದ ಹಬ್ಬ, ಕಳೆಯಿತು. ಯಾರ ಮೇಲೂ ನೀರೆರಚಲಿಲ್ಲ.

ಕುರ್ಚಿ ಥಾವೊರ್ನ್‌ನದು. ಕೂತ ಮೇಲೆ ಅದರ ಎತ್ತರವನ್ನೂ ಬದಲಾಯಿಸಿದ. ಇವತ್ತು ಒಂದು ಕಟ್ಟು ಪುಟ ತಂದು ನನ್ನ ಮೇಜಿಗೆ ಹಾಕಿ, "ಅಕ್ಕಾ, ಮೇಲೆ ಹಾರಿರೋ ಚಿಹ್ನೆ ಎಲ್ಲಾ ಬ್ಲೇಡಲ್ಲಿ ಕೊಯ್ದು ಕೆಳಗೆ ಅಂಟಿಸ್ಕೊಡಿ. ನಿಮ್ಮ ಕೈ ಸಣ್ಣ ಕೆಲಸಕ್ಕೆ ಚೆನ್ನಾಗಿದೆ" ಎಂದ.

ಎಳ್ಳಿಗಿಂತ ಚಿಕ್ಕ ಚೂರುಗಳು. ಫ್ಯಾನ್ ಹಾಕುವಂತಿಲ್ಲ, ಹಾರಿಹೋಗುತ್ತವೆ. ಬೆವರು ಕಣ್ಣಿಗಿಳಿಯಿತು. ಕಂಪ್ಯೂಟರ್ ಬಂದದ್ದು ಕೈಕೆಲಸ ತಪ್ಪಿಸಲೆಂದು. ಅಣ್ಣ ಎರಡು ಸಲ ಪಕ್ಕದಲ್ಲೇ ಹಾದುಹೋದ. ನಿಲ್ಲಲಿಲ್ಲ. ಅವನನ್ನು ಕ್ಷಮಿಸುವುದಿಲ್ಲ ಎಂದುಕೊಂಡೆ. ಒಂದು ಥರ ಹಾಯೆನಿಸಿತು.

ಏಪ್ರಿಲ್ 28, ಬುಧವಾರ

ಆ ಹಾಯಿಯೂ ಹೋಯಿತು.

ಅತ್ತಿಗೆ ಒರಳಿನಲ್ಲಿ ಕೋಸಂಬರಿಗೆ ಪಪ್ಪಾಯಿಕಾಯಿ ಕುಟ್ಟುತ್ತಿದ್ದರು. ಮೆಣಸಿನಕಾಯಿ ಕೊಡುತ್ತ ಏನೋ ಗೊಣಗಿದೆ—ಕಣ್ಣು ನೋಯುತ್ತಿದೆ, ಈ ಪಿಸಿ ಯಾರಿಗೆ ಬೇಕಿತ್ತು ಎಂದು. ಒನಕೆ ನಿಂತಿತು.

"ನನ್ನ ಮುಂದೆ ಗೊಣಗ್ಬೇಡ ಮಾರಾಯ್ತಿ. ಅವತ್ತು ವ್ಯಾನಲ್ಲಿ ಎರಡೂ ಇತ್ತು."

"ಎರಡೂ ಅಂದ್ರೆ?"

"ಮ್ಯಾಕೂ, ಪಿಸಿನೂ. ಬೇಡದ್ದು ವಾಪಸ್ ಕೊಡ್ತೀನಿ ಅಂತ ಅಂಗಡಿಯವ್ರ ಹತ್ರ ಮಾತಾಡಿ ತಂದಿದ್ರು ನಿಮ್ಮಣ್ಣ. 'ಅವಳು ಮ್ಯಾಕೇ ಅಂತಾಳೆ ನೋಡ್ತಿರು, ನಿನ್ನ ತಮ್ಮಂಗೆ ಬೇರೆ ಕೆಲಸ ಹುಡುಕೋಣ' ಅಂತ ದಾರಿಯುದ್ದಕ್ಕೂ ಅಂದ್ರು. ನೀನು ಯಾವುದಾದ್ರೂ ಅಂದೆ. ಇನ್ನೊಂದ್ಸಲ ಕೇಳಿದ್ರೂ ಹೂಂ ಅಂದೆ. ಅವ್ರಿಗೆಷ್ಟು ಬೇಜಾರಾಯ್ತು ಗೊತ್ತಾ? 'ಇವಳಿಗೆ ಈ ಕೆಲಸನೇ ಬೇಡ ಅನ್ಸುತ್ತೆ' ಅಂದ್ರು."

ಮತ್ತೆ ಕುಟ್ಟತೊಡಗಿದರು. ಹುಳಿ ಸರಿಯಾಗಿದೆಯಾ ನೋಡು ಎಂದು ಚಮಚ ಚಾಚಿದರು. ಸರಿಯಾಗಿದೆ ಎಂದೆ. ಬಾಯಿಗೆ ರುಚಿಯೇ ತಿಳಿದಿರಲಿಲ್ಲ.

ಏಪ್ರಿಲ್ 29, ಗುರುವಾರ. ಬೆಳಗಿನ ಜಾವ

ನಿದ್ದೆಯಿಲ್ಲ. ಅಣ್ಣನ ಮೇಲಿದ್ದ ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ಎದೆಯಲ್ಲೇ ಸುತ್ತುತ್ತಿದೆ. ಅವನು ಎದ್ದು ಕಾಫಿ ಕಾಸುತ್ತಿದ್ದಾನೆ, ಒಬ್ಬನೇ ಇದ್ದಾನೆ. ಈಗ ಹೋಗಿ ಹೇಳಿದರೂ ಬೊಟ್ಟು ಅಳಿಸುವುದಿಲ್ಲ. ಆದರೂ ಹೇಳಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ. ಇಲ್ಲಿ ಹಿರಿಯರಿಲ್ಲ, ಭಿಕ್ಷುಗಳಿಲ್ಲ, ಓದುವವರು ಯಾರೂ ಇಲ್ಲ.

ಅಣ್ಣಾ, ನನಗೆ—