ಹೆಬ್ಬೆಟ್ಟಿಗೆ ಬಂದ ಪ್ರಶಸ್ತಿ

ವಿಜಯಪುರ
ಬುಧವಾರ, 12 ಫೆಬ್ರುವರಿ 2025

ಪ್ರೀತಿಯ ಅವ್ವಾ,

ನಿನ್ನ ಅಜಿತನ ಜೈಭೀಮ್. ಮೊಣಕಾಲಿನ ನೋವು ಹೇಗಿದೆ? ಗೌತಮಿ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಸೊಸೆ ಕೊಟ್ಟದ್ದೆಂದು ಜೋಪಾನವಾಗಿ ಎತ್ತಿಟ್ಟಿದ್ದೀಯೋ? ಹೊನವಾಡದಲ್ಲಿ ದ್ರಾಕ್ಷಿ ಕಟಾವು ಶುರುವಾಗಿದೆಯಂತೆ, ಈ ಕಾಲು ಇಟ್ಟುಕೊಂಡು ಕೂಲಿಗೆ ಹೋಗಬೇಡ. ನಾವಿಲ್ಲಿ ಆರಾಮ ಇದ್ದೇವೆ ಎಂದು ಬರೆಯಬೇಕು, ಬರೆದರೆ ಸುಳ್ಳಾಗುತ್ತದೆ. ಎಂಟು ದಿನದಿಂದ ನೀನು ಫೋನ್ ಎತ್ತಿಲ್ಲ. ಯಾಕೆಂದು ಗೊತ್ತಿರುವುದರಿಂದ ನಾನೂ ಹೆಚ್ಚು ಸಲ ಮಾಡಲಿಲ್ಲ.

ನನ್ನ ನೌಕರಿ ಏನೆಂದು ಕೇಳಿದವರಿಗೆ ನೀನು ‘ಸಾಲೀದು ಡಂಗುರಾ ಸಾರ್ತಾನ’ ಎಂದು ನಗುತ್ತಿದ್ದೆ. ಸಂಪರ್ಕಾಧಿಕಾರಿ ಅನ್ನು ಎಂದು ನಾನು ತಿದ್ದುತ್ತಿದ್ದೆ. ಈಗ ನೋಡಿದರೆ ನಿನ್ನ ಮಾತೇ ಸರಿ. ಮಕ್ಕಳ ತಾಯಿ, ಅಜ್ಜಿಯರಿಗೆ ಅಕ್ಷರ ಕಲಿಸುವ ತರಗತಿಯನ್ನು ನಮ್ಮ ಶಾಲೆ ತೆರೆದು ಮೂರೇ ವಾರವಾಗಿತ್ತು. ಟಿಕೋಟಾ, ಬಬಲೇಶ್ವರದಿಂದ ಬರುವ ಹೆಣ್ಣುಮಕ್ಕಳು ಇನ್ನೂ ಅ, ಆ ತಿದ್ದುತ್ತಿದ್ದರು. ಅಷ್ಟರಲ್ಲಿ ಶಾಲೆಗಳ ಪ್ರಚಾರ ಕೆಲಸಕ್ಕೆ ಕೊಡುವ ಪ್ರಶಸ್ತಿಗೆ ಅರ್ಜಿ ಹಾಕುವ ಕೊನೆಯ ದಿನ ಬಂತು. ಕಲಿಯುವ ಮೊದಲು ಹೆಬ್ಬೆಟ್ಟು, ಕಲಿತ ಮೇಲೆ ಸಹಿ, ಹೀಗೆ ಎರಡು ಫೋಟೋ ಇದ್ದರೆ ಪ್ರಶಸ್ತಿ ನಮ್ಮದೇ ಎನಿಸಿತು. ಸಹಿ ಬರುವವರು ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ನೀನು ಆಗ ನಮ್ಮ ಮನೆಗೆ ಬಂದಿದ್ದೆ.

‘ಖರೇನ ಹೆಬ್ಬಟ್ಟ ಒತ್ತಲೇನೋ?’ ಎಂದು ನೀನು ಎರಡು ಸಲ ಕೇಳಿದೆ. ಬರೀ ಫೋಟೋಕ್ಕೆ ಎಂದೆ ನಾನು. ‘ನಿನ್ನ ನೌಕರಿಗಿ ಚಲೋ ಆಗತೈತಂದ್ರ ಒತ್ತತೀನಿ ತಗೊ’ ಎಂದು ಮಸಿಗೆ ಬೆರಳು ಚಾಚಿದೆ. ಎರಡೂ ಒಂದೇ ಮಧ್ಯಾಹ್ನದವು ಎಂದು ತಿಳಿಯಬಾರದಲ್ಲ, ಸಹಿಯ ಫೋಟೋಕ್ಕೆ ಗೌತಮಿಯ ಸೀರೆ ಉಟ್ಟುಕೊ ಎಂದೆ. ಆಮೇಲೆ ನೀನು ಬಚ್ಚಲಲ್ಲಿ ಕೂತು ಬೆರಳಿನ ಮಸಿ ತಿಕ್ಕುತ್ತಿದ್ದಾಗ ನಾನು ಕಂಪ್ಯೂಟರ್ ಮುಂದೆ ‘ಹೊನವಾಡದ ಹೆಬ್ಬೆಟ್ಟಿನ ತಾಯಿಗೆ ನಮ್ಮ ಶಾಲೆ ಪೆನ್ನು ಕೊಟ್ಟಿತು’ ಎಂದು ಬರೆಯುತ್ತಿದ್ದೆ. ನೀನು ನನ್ನ ಅವ್ವ ಎಂದು ಎಲ್ಲಿಯೂ ಬರೆಯಲಿಲ್ಲ.

ನನ್ನ ಒಂದನೆಯ ಇಯತ್ತೆಯ ಪಾಟಿಯ ಮೇಲೆಯೇ ನೀನು ಅಕ್ಷರ ಕಲಿತವಳು. ನನ್ನ ವಿದ್ಯಾರ್ಥಿವೇತನ ಪಡೆಯಲು ಶಾಲೆಗೆ ಬಂದ ದಿನ ಹೆಡ್ ಮಾಸ್ತರರು ಮಸಿಯ ಡಬ್ಬಿ ಮುಂದೆ ಸರಿಸಿದರೆ ‘ಮಸಿ ಬ್ಯಾಡ್ರಿ ಸರ, ಪೆನ್ನ ಕೊಡ್ರಿ’ ಎಂದಿದ್ದೆ. ಹಿಂದೆ ನಿಂತವರು ಹೊತ್ತಾಯಿತೆಂದು ಗೊಣಗಿದರೂ ಹೆಸರು ಪೂರ್ತಿ ಬರೆದೇ ಎದ್ದೆ. ನಿನ್ನ ಸೆರಗು ಹಿಡಿದು ನಿಂತಿದ್ದ ನನಗೆ ಅಂದು ಎಷ್ಟು ಹೆಮ್ಮೆಯಾಗಿತ್ತು. ಅದೇ ನಾನು ಹೀಗೆ ಮಾಡಿದೆ.

ಹುಬ್ಬಳ್ಳಿಯ ಪ್ರಶಸ್ತಿ ಸಮಾರಂಭದಲ್ಲಿ ಪರದೆಯ ತುಂಬ ನಿನ್ನ ಹೆಬ್ಬೆಟ್ಟು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಗೌತಮಿ ಕೈ ಎತ್ತಲಿಲ್ಲ. ಬಸ್ಸಿನಲ್ಲಿ ಒಂದೇ ಮಾತು ಅಂದಳು: ‘ಅತ್ತಿಯವರು ಇದನ್ನ ಓದ್ತಾರಲ್ರಿ.’

ಮರುದಿನ ಅದು ಪೇಪರಿನಲ್ಲಿ ಬಂತು. ಆಮೇಲಿನದನ್ನು ನಿನ್ನೆ ರೋಶನಬಿ ಚಾಚಿ ಫೋನ್ ಮಾಡಿ ಹೇಳಿದಳು. ಪಕ್ಕದ ಮನೆಯ ಚಾಚಿಗೆ ಬಂದ ಒಂದೊಂದು ಕಾಗದವನ್ನೂ ಓದಿ ಹೇಳಿದವಳು ನೀನು, ಅವಳಿಗೇ ತಡೆಯಲಾಗಲಿಲ್ಲವಂತೆ. ನೀನು ಸಭೆಯ ಠರಾವು ಬರೆದಿಡುವ ಮಹಿಳಾ ಸಂಘದ ಹುಡುಗಿಯರು ಪೇಪರ್ ಹಿಡಿದು ‘ಹೆಬ್ಬಟ್ಟ ಒತ್ತಾಕಿ ನಮ್ಮ ಠರಾವ ಹೆಂಗ ಬರದಿ ಬೇ’ ಎಂದು ನಕ್ಕರಂತೆ. ನೀನು ಠರಾವು ಪುಸ್ತಕವನ್ನು ಅವರ ಕೈಗಿಟ್ಟು ಎದ್ದು ಬಂದೆಯಂತೆ. ಮಗ ಸುಳ್ಳು ಬರೆದಿದ್ದಾನೆ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಮರ್ಯಾದೆ ಉಳಿಸಲು ನಿನ್ನದನ್ನು ಬಿಟ್ಟುಕೊಟ್ಟೆ. ನಾಚಿಕೆಯಿಂದ ಕುಗ್ಗಿಹೋಗಿದ್ದೇನೆ ಅವ್ವಾ. ಪ್ರಶಸ್ತಿಯ ಫಲಕವನ್ನು ಶಾಲೆಯ ಬಾಗಿಲಲ್ಲೇ ಇಟ್ಟಿದ್ದಾರೆ, ನಾನು ಹಿಂಬಾಗಿಲಿಂದ ಹೋಗಿ ಬರುತ್ತಿದ್ದೇನೆ.

ಗೌತಮಿ ನಿನಗೆ ನಮಸ್ಕಾರ ಹೇಳಿದ್ದಾಳೆ, ನನ್ನೊಂದಿಗೆ ಮಾತು ಕಡಿಮೆ ಮಾಡಿದ್ದಾಳೆ. ಚಾಚಿಗೆ ನನ್ನ ಸಲಾಮು. ಬೈಯಬೇಕೆನಿಸಿದರೆ ಬೈದೇ ಬರೆ, ನಿನ್ನ ಕೈಯ ಎರಡು ಸಾಲು ಬಂದರೆ ಸಾಕು.

ನಿನ್ನ ಮಗ,
ಅಜಿತ

ತಾ.ಕ.: ಪ್ರಶಸ್ತಿ ಕೊಟ್ಟವರು ಸೋಮವಾರ ಕ್ಯಾಮೆರಾ ತೆಗೆದುಕೊಂಡು ಹೊನವಾಡಕ್ಕೆ ಬರುತ್ತಾರೆ. ನಿನ್ನಿಂದ ಇನ್ನೊಮ್ಮೆ ಹೆಬ್ಬೆಟ್ಟು ಒತ್ತಿಸಬೇಕಂತೆ. ನಮ್ಮ ಮುಖ್ಯಸ್ಥರು ಕೇಳಿದಾಗ ಹೂಂ ಅಂದುಬಿಟ್ಟೆ. ಒತ್ತಬೇಡ. ನಿಜ ಏನೆಂದು ಅವರ ಮುಂದೆ ಹೇಳಿಬಿಡು. ಅಲ್ಲ, ಇದೂ ತಪ್ಪು, ಮತ್ತೆ ನನ್ನ ಕೆಲಸ ನಿನ್ನಿಂದಲೇ ಮಾಡಿಸುತ್ತಿದ್ದೇನೆ. ಅವರ ಜೊತೆ ಬಂದು ನಾನೇ ಹೇಳುತ್ತೇನೆ, ನೌಕರಿ ಹೋದರೆ ಹೋಗಲಿ. ಅಂಗಳಕ್ಕೆ ಬಂದ ಮೇಲೂ ನಾನು ಬಾಯಿ ಬಿಡದಿದ್ದರೆ, ಎಲ್ಲರನ್ನೂ ಹೊರಗೇ ನಿಲ್ಲಿಸಿ ಬಾಗಿಲು ಹಾಕಿಕೋ. ನನ್ನನ್ನೂ ಒಳಗೆ ಕರೆಯಬೇಡ.