ಕಬ್ಬಿಣದಲ್ಲಿ ಬರೆದ ಹೆಸರು

ಮಾರ್ಚ್ 3, ಸೋಮವಾರ

ಡಸ್ಟರ್ ಮತ್ತೆ ಮಾಯ. ಕರವಸ್ತ್ರದಲ್ಲೇ ಬೋರ್ಡ್ ಒರೆಸಿದೆ. ಸಾಕ್ಷರತಾ ಕ್ಲಾಸು ನಡೆಸುವ ಈ ಗೋದಾಮಿನ ಸೆಕೆಗೆ ತಲೆ ಸಿಡಿಯುತ್ತಿದೆ. ಅಕ್ಷರ ಒಂದು ಗಂಟೆ, ಶಾಂತಿ ಪಾಠ ಅರ್ಧ ಗಂಟೆ — ಟೈಮ್‌ಟೇಬಲ್ ಮಾಡಿದ ಪುಣ್ಯಾತ್ಮರು ಒಂದು ಫ್ಯಾನ್ ಕೊಡಬಾರದಿತ್ತೇ?

ಬಾಬಿನ್, ವೆಲ್ಡರ್ ಒಂದೇ ಬೆಂಚು. ಅವಳು ಹೊಲಿಗೆ ಅಂಗಡಿಯಲ್ಲಿದ್ದಾಳೆ, ಅವನು ಗ್ರಿಲ್ ಮಾಡುತ್ತಾನೆ. ಹೋದ ವರ್ಷದ ಗಲಭೆಯಲ್ಲಿ ಅವಳ ಮನೆ ಸುಟ್ಟಿತು. ಅವನ ಅಣ್ಣ ಸತ್ತ. ಅವಳು ಹೊಳೆಯ ಆಚೆಯವಳು, ಅವನು ಈಚೆಯವನು. ತಾವು ಎದುರು ಬದುರು ಕಡೆಯವರೆಂದು ಅವರಿಬ್ಬರಿಗೂ ಗೊತ್ತಿಲ್ಲ. ಬೇರೆ ಬೇರೆ ಊರುಗಳಿಂದ ಓಡಿಬಂದವರು. ನಮ್ಮಲ್ಲಿ ಹೆಸರು ಕೇಳಿದರೆ ಸಾಕು, ಯಾವ ಕಡೆಯವರೆಂದು ತಿಳಿಯುತ್ತದೆ. ಅದಕ್ಕೇ ಕ್ಲಾಸಿನಲ್ಲಿ ಬರೀ ಅಡ್ಡಹೆಸರು. ನಿಯಮ ನನ್ನದೇ. ನಾನೂ ಬರೀ ಟೀಚರಕ್ಕ.

ಮಾರ್ಚ್ 5

"ಟೀಚರಕ್ಕಾ, ಮರ, ಸರ, ಗಡಿಯಾರ ಎಲ್ಲ ಬರೆದಾಯ್ತು. ನನ್ನ ಹೆಸರು ಯಾವಾಗ?" — ಬಾಬಿನ್.

"ನಿಯಮ ಗೊತ್ತಲ್ಲಮ್ಮ."

"ಗೊತ್ತು. ಮನೆ ಜೊತೆ ಕಾರ್ಡು ಗೀರ್ಡು ಎಲ್ಲ ಸುಟ್ಟೋಯ್ತು. ನನ್ನ ಹೆಸರಿರೋ ಒಂದು ಚೂರು ಕಾಗದ ಇಲ್ಲ ಈಗ."

"ಹೆಸರು ಬರ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?" ಅಂದ ವೆಲ್ಡರ್. ಎಲ್ಲರೂ ನಕ್ಕರು. ಅವಳೂ. ಆಮೇಲೆ ಅವನ ಪೆನ್ಸಿಲ್ ಅವಳೇ ಚೂಪು ಮಾಡಿಕೊಟ್ಟಳು. ನನಗೆ ನಗು ಬರಲಿಲ್ಲ.

ಮಾರ್ಚ್ 8, ಸಂಜೆ

ಸೂಪರ್‌ವೈಸರ್ ಮೇಡಂ ಬಂದಿದ್ದರು. "ಸ್ವಂತ ಹೆಸರು ಬರೆಯೋಕೆ ಬರಲ್ಲ ಅಂದ್ರೆ ಅದೆಂಥ ಸಾಕ್ಷರತೆ ರೀ?" ಪರೀಕ್ಷೆಯ ಹಾಳೆಯಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರು ತಾವೇ ಬರೆಯಬೇಕಂತೆ. ಪಾಸಾದರೆ ತರಬೇತಿ ಕೇಂದ್ರದಲ್ಲಿ ಸೀಟು. ಸೀಟು ಬೇಡ ಎನ್ನಲು ನಾನ್ಯಾರು?

ಅಮ್ಮನಿಗೆ ಹೇಳಿದೆ. "ಅವರ ಹೆಸರು ಏನಾದ್ರೂ ಮಾಡ್ಕೋ. ನಿನ್ನದು ಮಾತ್ರ ಹೇಳ್ಬೇಡ ಕಣೇ." ಮೈ ಉರಿಯಿತು. ಆದರೆ ಬಾಬಿನ್ ಮನೆಗೆ ಬೆಂಕಿ ಹಚ್ಚಿದವರು ನಮ್ಮ ಕಡೆಯವರು, ಹೊಳೆಯ ಈಚೆಯವರು. ನನ್ನ ಹೆಸರು ಕೇಳಿದರೆ ಅವಳು ಮತ್ತೆ ಇತ್ತ ತಲೆ ಹಾಕುವುದಿಲ್ಲ.

ಮಾರ್ಚ್ 10

ಉಪಾಯ ಹೊಳೆಯಿತು. ಒಬ್ಬೊಬ್ಬರನ್ನೇ ಸ್ಟೋರ್ ರೂಮಿಗೆ ಕರೆದು, ಸ್ಲೇಟಿನಲ್ಲಿ ಹೆಸರು ಕಲಿಸಿ, ಅಲ್ಲೇ ಅಳಿಸಿದೆ. ಅಳಿಸಲು ಬಿಡದ ವೆಲ್ಡರ್‌ನಿಂದ ಸ್ಲೇಟು ಕಿತ್ತುಕೊಳ್ಳಬೇಕಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆ. ಮಹಾ ಬುದ್ಧಿವಂತೆ ನಾನು.

ಮಾರ್ಚ್ 12

ಎಲ್ಲ ಹಾಳಾಯಿತು.

ವೆಲ್ಡರ್ ಬಾಬಿನ್‌ಗೆಂದು ಕತ್ತರಿ ನೇತುಹಾಕುವ ಸ್ಟ್ಯಾಂಡ್ ಮಾಡಿ ತಂದಿದ್ದ. ನಯವಾಗಿ ಉಜ್ಜಿ, ಕಪ್ಪು ಬಣ್ಣ ಬಳಿದಿದ್ದ. ಬುಡದಲ್ಲಿ ಉಬ್ಬು ಅಕ್ಷರ, ವೆಲ್ಡಿಂಗ್‌ನಲ್ಲೇ ಬರೆದದ್ದು. ಅವನ ಹೆಸರು.

ಅವಳು ಬೆರಳಿಟ್ಟು ಓದಿದಳು. ಒಂದೊಂದೇ ಅಕ್ಷರ, ನಾನು ಕಲಿಸಿದ ಹಾಗೇ. ಕೊನೆಯ ಅಕ್ಷರ ಓದಲಿಲ್ಲ. ಸ್ಟ್ಯಾಂಡ್ ಬೆಂಚಿನ ಮೇಲಿಟ್ಟು ಎದ್ದು ಹೋದಳು.

"ಏನ್ ತಪ್ಪು ಬರೆದೆ ಅಕ್ಕಾ?"

"ಒಂದಕ್ಷರಾನೂ ತಪ್ಪಿಲ್ಲ ಕಣೋ."

ಮಾರ್ಚ್ 17

ಅವಳು ಇವತ್ತೂ ಬರಲಿಲ್ಲ. ಅವಳು ಹೊಳೆಯ ಆಚೆಯವಳೆಂದು ಅವನಿಗೆ ಯಾರೋ ಹೇಳಿದ್ದಾರೆ, ಅಥವಾ ಅವನೇ ಊಹಿಸಿದ್ದಾನೆ. ಬೆಂಚಿನ ತುದಿಯಲ್ಲಿ ಕೂರುತ್ತಾನೆ. ಅವಳ ಜಾಗ ಖಾಲಿ ಬಿಟ್ಟಿದ್ದಾನೆ. ನಾಳೆ ಪರೀಕ್ಷೆ. ಅವಳ ಸೀಟು ಹೋದರೆ ಅದು ನನ್ನ ಉಪಾಯದಿಂದಲೇ.

ಮಾರ್ಚ್ 18, ಬೆಳಿಗ್ಗೆ, ಸ್ಟೋರ್ ರೂಮ್

ಬಂದಳು. ಯಾರನ್ನೂ ನೋಡದೆ ಬೋರ್ಡಿನ ಮೇಲೆ ದೊಡ್ಡದಾಗಿ ತನ್ನ ಹೆಸರು ಬರೆದಳು. ವೆಲ್ಡರ್ ಕಡೆ ತಿರುಗಿ, "ಓದು" ಅಂದಳು.

ಓದಿದ. "ನಮ್ಮಣ್ಣನ್ನ ನಿಮ್ಮವರು..." ಎಂದು ನಿಲ್ಲಿಸಿದ.

"ನಮ್ಮನೇನೂ" ಅಂದಳು.

ಅವನು ಬೆಂಚಿನ ತುದಿಗೆ ಇನ್ನೂ ಒಂದಿಷ್ಟು ಸರಿದು, "ಕೂತ್ಕೋ" ಅಂದ.

ಅವಳು ಕೂರಲಿಲ್ಲ. ಚಾಕ್ ನನ್ನತ್ತ ಚಾಚಿದಳು. "ನಿಮ್ಮದು ಅಕ್ಕಾ?"

ಬೇರೆ ಚಾಕ್ ತರ್ತೀನಿ ಅಂತ ಸುಳ್ಳು ಹೇಳಿ ಇಲ್ಲಿ ಬಂದು ಬರೆಯುತ್ತಿದ್ದೇನೆ. ನಿಯಮ ಮಾಡಿದ್ದು ಅವರಿಗಾಗಿ ಅಂದುಕೊಂಡಿದ್ದೆ...

ಬಾಗಿಲು ತಟ್ಟುತ್ತಿದ್ದಾಳೆ. "ಅಕ್ಕಾ, ಚಾಕ್ ನನ್ನ ಹತ್ರ ಇದೆ. ಬನ್ನಿ."

ಬಂದೆ ಅಂದೆ. ಹೋಗಿ ಬರೆಯುತ್ತೇನೆ. ಅವಳ ಹೆಸರಿನ ಕೆಳಗೇ, ಅಷ್ಟೇ ದೊಡ್ಡದಾಗಿ —